ಬಿಡುಗಡೆಯ ದಿನಾಂಕವಿಲ್ಲದ ಬಂಧನ

ಶಿಕ್ಷೆಗೊಳಗಾಗಿ ಜೈಲಿನಲ್ಲಿರುವ ಕೈದಿಗೆ ತಾನು ಯಾವ ವರ್ಷ, ಯಾವ ತಿಂಗಳು ಹೊರಬರುತ್ತೇನೆ ಎಂಬುದು ಹೆಚ್ಚುಕಡಿಮೆ ಗೊತ್ತಿರುತ್ತದೆ. ನ್ಯಾಯಾಲಯವೊಂದು ಅವನ ಮೇಲಿನ ಆರೋಪವನ್ನು ಕೇಳಿ, ಸಾಕ್ಷ್ಯವನ್ನು ಪರಿಶೀಲಿಸಿ, ಶಿಕ್ಷೆಯ ಅವಧಿಯನ್ನು ತೀರ್ಪಿನಲ್ಲಿ ಬರೆದಿರುತ್ತದೆ. ವಲಸೆ ಕಾನೂನುಗಳ ಅಡಿಯಲ್ಲಿ ಬಂಧನ ಕೇಂದ್ರ ಸೇರಿದವರ ಸ್ಥಿತಿ ಹಾಗಲ್ಲ. ಅವರಲ್ಲಿ ಬಹಳಷ್ಟು ಮಂದಿಯ ವೀಸಾ ಅವಧಿ ಮುಗಿದಿರುತ್ತದೆ, ಅಥವಾ ಆಶ್ರಯ ಕೋರಿ ಸಲ್ಲಿಸಿದ ಅರ್ಜಿ ಇನ್ನೂ ಇತ್ಯರ್ಥವಾಗಿರುವುದಿಲ್ಲ, ಅಥವಾ ತಾವು ಯಾವ ದೇಶದವರೆಂದು ತೋರಿಸುವ ಕಾಗದಪತ್ರ ಅವರ ಬಳಿ ಇರುವುದಿಲ್ಲ. ಅವರನ್ನು ಹಿಡಿದಿಡುವ ಆದೇಶಕ್ಕೆ ಸಹಿ ಹಾಕಿದವರು ಸಾಮಾನ್ಯವಾಗಿ ನ್ಯಾಯಾಧೀಶರಲ್ಲ, ಒಬ್ಬ ಅಧಿಕಾರಿ. ಆ ಆದೇಶದಲ್ಲಿ ಬಂಧನದ ಕಾರಣ ಇರುತ್ತದೆ. ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಉತ್ತರ ಬಹಳ ಕಡೆ ಇರುವುದಿಲ್ಲ.

ಕೆಲವು ವರ್ಷಗಳಿಂದ ಬೇರೆ ಬೇರೆ ದೇಶಗಳ ಬಂಧನ ಕೇಂದ್ರಗಳ ತಪಾಸಣಾ ವರದಿಗಳನ್ನೂ ನ್ಯಾಯಾಲಯಗಳ ತೀರ್ಪುಗಳನ್ನೂ ಓದುತ್ತ ಬಂದಿದ್ದೇನೆ. ಈ ಕೇಂದ್ರಗಳ ಕುರಿತ ಸಾರ್ವಜನಿಕ ಚರ್ಚೆ ಸಾಮಾನ್ಯವಾಗಿ ಊಟದ ಗುಣಮಟ್ಟ, ಹಾಸಿಗೆ, ಶೌಚಾಲಯ, ಒಂದು ಕೋಣೆಯಲ್ಲಿ ಎಷ್ಟು ಜನ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅವೆಲ್ಲ ಮುಖ್ಯವೇ. ಹಲವರು ಒಟ್ಟಿಗಿರುವ ಕೋಣೆಯಲ್ಲಿ ತಲಾ 4 ಚದರ ಮೀಟರ್ ಜಾಗವಾದರೂ ಇರಬೇಕು ಎಂದು ಯುರೋಪಿನ ಚಿತ್ರಹಿಂಸೆ ತಡೆ ಸಮಿತಿ ಜೈಲುಗಳಿಗೆ ಹಾಕಿಕೊಟ್ಟಿರುವ ಅಳತೆಯ ಹಿಂದೆ ಗಾಳಿ, ಬೆಳಕು, ನಿದ್ರೆ, ಜಗಳ ಎಲ್ಲದರ ಲೆಕ್ಕವಿದೆ. ಆದರೂ ಓದುತ್ತ ಹೋದಂತೆ ನನಗೆ ಖಚಿತವಾದದ್ದು ಇಷ್ಟು: ಬಂಧನಕ್ಕೆ ಕಾಲಮಿತಿ ಇಲ್ಲದ ಕಡೆ, ಆ ಬಂಧನ ಇನ್ನೂ ಅಗತ್ಯವೇ ಎಂದು ಹೊರಗಿನವರೊಬ್ಬರು ಆಗಾಗ ಕೇಳದ ಕಡೆ, ಉಳಿದ ಯಾವ ಸೌಲಭ್ಯವೂ ಹಕ್ಕಾಗಿ ಉಳಿಯುವುದಿಲ್ಲ. ಅದು ಕೇಂದ್ರದ ಅಧಿಕಾರಿಯ ದಯೆಯಾಗುತ್ತದೆ. ಕೊಡಬಹುದು, ಕೊಡದೆಯೂ ಇರಬಹುದು.

ಕಾನೂನಿನ ಪುಸ್ತಕಗಳಲ್ಲಿ ಈ ವಿಷಯಕ್ಕೆ ಕೊರತೆಯಿಲ್ಲ. ಯಾರನ್ನೂ ಮನಬಂದಂತೆ ಬಂಧಿಸುವಂತಿಲ್ಲ ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 9ನೇ ವಿಧಿ ಹೇಳುತ್ತದೆ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಇನ್ನೂ ಎರಡು ಹೆಜ್ಜೆ ಮುಂದೆ ಹೋಗುತ್ತದೆ. ಬಂಧಿತ ವ್ಯಕ್ತಿ ತನ್ನ ಬಂಧನ ಕಾನೂನುಬದ್ಧವೇ ಎಂದು ನ್ಯಾಯಾಲಯದ ಮುಂದೆ ಪ್ರಶ್ನಿಸಬಹುದು. ಸ್ವಾತಂತ್ರ್ಯ ಕಳೆದುಕೊಂಡ ಪ್ರತಿಯೊಬ್ಬರನ್ನೂ ಮಾನವೀಯತೆಯಿಂದ, ಅವರ ಘನತೆಗೆ ಕುಂದು ಬರದಂತೆ ನಡೆಸಿಕೊಳ್ಳಬೇಕು. ಈ ಎರಡು ಮಾತುಗಳಲ್ಲಿ ನಾಗರಿಕ, ವಿದೇಶಿಗ ಎಂಬ ಭೇದವಿಲ್ಲ. ಅನುಮತಿಯಿಲ್ಲದೆ ಗಡಿ ದಾಟಿ ಬಂದರೂ ಜೀವಭಯದಿಂದ ಓಡಿಬಂದು ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾದ ನಿರಾಶ್ರಿತರನ್ನು ಅದಕ್ಕಾಗಿ ಶಿಕ್ಷಿಸಬಾರದು ಎಂಬ ಮಾತು 1951ರ ನಿರಾಶ್ರಿತರ ಒಪ್ಪಂದದಲ್ಲಿದೆ. ಇಷ್ಟಿದ್ದೂ ಅವಧಿಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ಅಜಗಜಾಂತರ.

ಆಸ್ಟ್ರೇಲಿಯಾದ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ವೀಸಾ ಇಲ್ಲದೆ ದೋಣಿಗಳಲ್ಲಿ ಬಂದವರನ್ನು ಕಡ್ಡಾಯವಾಗಿ ಬಂಧನದಲ್ಲಿಡುವ ಕಾನೂನು ಅಲ್ಲಿ 1992ರಲ್ಲಿ ಬಂದಿತು. ಆಮೇಲೆ ಅಲ್‌-ಕತೇಬ್ ಎಂಬ, ಯಾವ ದೇಶದ ಪೌರತ್ವವೂ ಇಲ್ಲದ ಪ್ಯಾಲೆಸ್ತೀನಿ ವ್ಯಕ್ತಿಯ ಪ್ರಕರಣ ಅಲ್ಲಿನ ಹೈಕೋರ್ಟಿಗೆ ಹೋಯಿತು. ಆ ದೇಶದಲ್ಲಿ ಹೈಕೋರ್ಟೇ ಅತ್ಯುನ್ನತ ನ್ಯಾಯಾಲಯ. ಅವರನ್ನು ಕಳುಹಿಸಲು ಯಾವ ದೇಶವೂ ಇರಲಿಲ್ಲ. ಹಾಗಿದ್ದರೂ ಸರ್ಕಾರ ಅವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡಬಹುದು ಎಂದು 2004ರಲ್ಲಿ ನ್ಯಾಯಾಲಯ ಬಹುಮತದಿಂದ ಹೇಳಿತು. ಆ ತೀರ್ಪು ಬದಲಾದದ್ದು 2023ರ ನವೆಂಬರ್‌ನಲ್ಲಿ. ಕಣ್ಣಳತೆಯ ಭವಿಷ್ಯದಲ್ಲಿ ಗಡೀಪಾರು ಸಾಧ್ಯವೇ ಇಲ್ಲದಿರುವಾಗ ಒಬ್ಬನನ್ನು ಹಿಡಿದಿಡುವುದು ಶಿಕ್ಷೆಯೇ ಆಗುತ್ತದೆ, ಶಿಕ್ಷೆ ವಿಧಿಸುವ ಅಧಿಕಾರ ನ್ಯಾಯಾಲಯಕ್ಕೆ ಸೇರಿದ್ದೇ ಹೊರತು ಸರ್ಕಾರಕ್ಕಲ್ಲ ಎಂಬುದು ಹೊಸ ತೀರ್ಪಿನ ಸಾರ. ಎರಡು ತೀರ್ಪುಗಳ ನಡುವೆ ಹತ್ತೊಂಬತ್ತು ವರ್ಷ ಕಳೆದಿತ್ತು. ಅಷ್ಟು ಕಾಲ ಆ ನಿಯಮದ ಅಡಿಯಲ್ಲಿ ಒಳಗಿದ್ದವರ ಬದುಕನ್ನು ಯಾವ ತೀರ್ಪೂ ಹಿಂದಿರುಗಿಸಲಾರದು.

ಅಮೆರಿಕದ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಗೆ 2001ರಲ್ಲೇ ಉತ್ತರಿಸಲು ಯತ್ನಿಸಿತ್ತು: ಗಡೀಪಾರಿನ ಅಂತಿಮ ಆದೇಶವಾದ ಮೇಲೆ ಆರು ತಿಂಗಳವರೆಗಿನ ಬಂಧನವನ್ನು ಸಮಂಜಸವೆಂದು ಭಾವಿಸಬಹುದು, ಅದಾದ ಬಳಿಕ ಕಳುಹಿಸುವ ಸಾಧ್ಯತೆ ಕಾಣದಿದ್ದರೆ ಸರ್ಕಾರ ಸಮರ್ಥನೆ ಕೊಡಬೇಕು. ಯುರೋಪಿಯನ್ ಒಕ್ಕೂಟದ 2008ರ ನಿರ್ದೇಶನ ಆರು ತಿಂಗಳ ಮಿತಿ ಹಾಕಿ, ವಿಶೇಷ ಸಂದರ್ಭಗಳಲ್ಲಿ ಇನ್ನೂ ಹನ್ನೆರಡು ತಿಂಗಳು ವಿಸ್ತರಿಸಲು ಅವಕಾಶ ಕೊಟ್ಟಿತು. ಹದಿನೆಂಟು ತಿಂಗಳು ಕಡಿಮೆಯೇನಲ್ಲ. ಆದರೂ ಅದಕ್ಕೊಂದು ಕೊನೆಯಿದೆ. ಬ್ರಿಟನ್ನಿನ ಕಾನೂನಿನಲ್ಲಿ ವಯಸ್ಕರ ವಲಸೆ ಬಂಧನಕ್ಕೆ ಅಂಥ ನಿಗದಿತ ಮಿತಿಯೇ ಇಲ್ಲ.

ಗಡೀಪಾರು ಏಕೆ ಇಷ್ಟು ತಡವಾಗುತ್ತದೆ ಎಂದು ಕೇಳುವವರಿದ್ದಾರೆ. ಅದಕ್ಕೆ ಎರಡು ದೇಶಗಳು ಬೇಕು. ಕಳುಹಿಸುವ ದೇಶ ಹೆಸರು, ವಿಳಾಸ, ಬೆರಳಚ್ಚುಗಳನ್ನು ಕೊಟ್ಟು ರಾಯಭಾರ ಕಚೇರಿಗೆ ಬರೆಯಬೇಕು; ಆ ಕಡೆಯವರು ಇವನು ನಮ್ಮವನು ಎಂದು ಒಪ್ಪಿ ಪ್ರಯಾಣದ ದಾಖಲೆ ಕೊಡಬೇಕು. ಹಳೆಯ ವಿಳಾಸದಲ್ಲಿ ಮನೆಯೇ ಉಳಿದಿಲ್ಲದಿರಬಹುದು, ಯುದ್ಧದಲ್ಲಿ ಜನನ ದಾಖಲೆಗಳು ಸುಟ್ಟುಹೋಗಿರಬಹುದು, ಎರಡು ಸರ್ಕಾರಗಳ ನಡುವೆ ಮಾತೇ ನಿಂತಿರಬಹುದು. ಇದರಲ್ಲಿ ಯಾವುದೂ ಒಳಗೆ ಕುಳಿತವನ ಕೈಯಲ್ಲಿಲ್ಲ, ಆದರೆ ವಿಳಂಬದ ಒಂದೊಂದು ದಿನವನ್ನೂ ಕಳೆಯಬೇಕಾದವನು ಅವನೇ. ಅಸ್ಸಾಂನಲ್ಲಿ ವಿದೇಶಿಯರೆಂದು ಘೋಷಿತರಾದವರು ವರ್ಷಗಟ್ಟಲೆ ಬಂಧನದಲ್ಲಿ ಉಳಿದದ್ದನ್ನು ಕಂಡು ಭಾರತದ ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ, ಮೂರು ವರ್ಷ ಪೂರೈಸಿದವರನ್ನು ತಲಾ ₹1 ಲಕ್ಷದ ಇಬ್ಬರು ಜಾಮೀನುದಾರರ ಮೇಲೆ ಷರತ್ತುಬದ್ಧವಾಗಿ ಬಿಡಬಹುದು ಎಂದಿತು. ಕಡುಬಡವರಿಗೆ ಅದು ನಿಲುಕದ ಮೊತ್ತ. ಕೋವಿಡ್ ಹರಡಿದಾಗ, 2020ರ ಏಪ್ರಿಲ್‌ನಲ್ಲಿ, ಆ ಅವಧಿ ಎರಡು ವರ್ಷಕ್ಕೂ ಮೊತ್ತ ₹5,000ಕ್ಕೂ ಇಳಿಯಿತು. ಮತ್ತೆ 2025ರ ಫೆಬ್ರುವರಿಯಲ್ಲಿ, ಗೋಲ್ಪಾರ ಜಿಲ್ಲೆಯ ಮಟಿಯಾ ಕೇಂದ್ರದಲ್ಲಿದ್ದ 63 ಮಂದಿಯ ವಿದೇಶಿ ವಿಳಾಸ ಗೊತ್ತಿಲ್ಲವೆಂಬ ಕಾರಣಕ್ಕೆ ಗಡೀಪಾರಿನ ಪ್ರಕ್ರಿಯೆಯನ್ನೇ ಶುರು ಮಾಡದ ರಾಜ್ಯ ಸರ್ಕಾರವನ್ನು ಅದೇ ನ್ಯಾಯಾಲಯ, ಮುಹೂರ್ತಕ್ಕಾಗಿ ಕಾಯುತ್ತಿದ್ದೀರಾ ಎಂದು ತರಾಟೆಗೆ ತೆಗೆದುಕೊಂಡಿತು. ಕಳುಹಿಸುವ ಪ್ರಯತ್ನವೇ ನಡೆಯದಿರುವಾಗ, ಕಳುಹಿಸುವುದಕ್ಕಾಗಿಯೇ ಹಿಡಿದಿಟ್ಟಿದ್ದೇವೆ ಎಂಬ ಕಾರಣಕ್ಕೆ ಏನು ಅರ್ಥ ಉಳಿಯುತ್ತದೆ?

ಇನ್ನು ಒಳಗಿನ ಮಾತು. ಕೇಂದ್ರಕ್ಕೆ ಬಂದ ಮೊದಲ ಕೆಲವು ಗಂಟೆಗಳಲ್ಲೇ ಒಬ್ಬ ವ್ಯಕ್ತಿಯ ಮುಂದಿನ ಹಲವು ತಿಂಗಳು ನಿರ್ಧಾರವಾಗಿಬಿಡುತ್ತವೆ ಎಂದು ನಾನು ನಂಬುತ್ತೇನೆ. ಮೊದಲು ಮೊಬೈಲ್ ಫೋನನ್ನು ಪಡೆದು, ಉಳಿದ ಸಾಮಾನಿನ ಜೊತೆ ಚೀಲದಲ್ಲಿ ಹಾಕಿ, ಮೊಹರು ಮಾಡಿ, ರಸೀದಿ ಕೊಡುತ್ತಾರೆ. ಅಲ್ಲಿಗೆ ಹೆಂಡತಿಯ ಸಂಖ್ಯೆ, ವಕೀಲರ ಸಂಖ್ಯೆ, ಜೊತೆಗೆ ಆಶ್ರಯದ ಅರ್ಜಿಗೆ ಸಾಕ್ಷ್ಯವಾಗಬಹುದಾದ ಫೋಟೋ, ಬೆದರಿಕೆಯ ಸಂದೇಶ, ಆಸ್ಪತ್ರೆಯ ಚೀಟಿ ಎಲ್ಲವೂ ಆ ಚೀಲದೊಳಗೆ ಸೇರಿಹೋಗುತ್ತವೆ. ಈಗ ಯಾರಿಗೂ ನಾಲ್ಕು ಸಂಖ್ಯೆಗಳಾದರೂ ಬಾಯಿಪಾಠ ಇರುವುದಿಲ್ಲ. ಕಾರಿಡಾರಿನ ಗೋಡೆಯ ಮೇಲೆ ದೂರವಾಣಿ ಇದ್ದರೂ ಯಾರಿಗೆ ಕರೆ ಮಾಡುವುದು? ಚೀಲ ಮೊಹರಾಗುವ ಮುನ್ನ ಬೇಕಾದ ಸಂಖ್ಯೆಗಳನ್ನು ಒಂದು ಕಾಗದಕ್ಕೆ ಬರೆದುಕೊಳ್ಳಲು ಐದು ನಿಮಿಷ ಕೊಡುವುದು, ವಕೀಲರ ಕೋರಿಕೆಯ ಮೇಲೆ ಫೋನಿನಲ್ಲಿರುವ ದಾಖಲೆಯ ಪ್ರತಿ ತೆಗೆಯಲು ಬಿಡುವುದು, ಇವಕ್ಕೆ ಯಾವ ಹೊಸ ಕಟ್ಟಡವೂ ಬೇಕಿಲ್ಲ, ಅನುದಾನವೂ ಬೇಕಿಲ್ಲ.

ಅದೇ ಹೊತ್ತಿನಲ್ಲಿ ಒಂದು ಸಹಿ ಹಾಕಿಸಿಕೊಳ್ಳುವುದೂ ಉಂಟು. ಏನು ಬರೆದಿದೆ ಎಂದು ತನ್ನ ಭಾಷೆಯಲ್ಲಿ ಕೇಳಿಸಿಕೊಳ್ಳದವನು ಹಾಕಿದ ಸಹಿಗೆ ಬೆಲೆಯಿರಬಾರದು. ವಿದೇಶಿಯೊಬ್ಬನನ್ನು ಬಂಧಿಸಿದಾಗ ತನ್ನ ದೇಶದ ರಾಯಭಾರ ಕಚೇರಿಯನ್ನು ಸಂಪರ್ಕಿಸುವ ಹಕ್ಕು ಅವನಿಗಿದೆ ಎಂದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಹೇಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ತನ್ನದೇ ಸರ್ಕಾರಕ್ಕೆ ಹೆದರಿ ಓಡಿಬಂದವನ ಸುದ್ದಿಯನ್ನು ಅವನ ಒಪ್ಪಿಗೆಯಿಲ್ಲದೆ ಅದೇ ಸರ್ಕಾರದ ಕಚೇರಿಗೆ ಮುಟ್ಟಿಸಿದರೆ ಹಿಂದೆ ಉಳಿದಿರುವ ಅವನ ಕುಟುಂಬಕ್ಕೆ ಅಪಾಯ. ಆದ್ದರಿಂದ ಆ ಹಕ್ಕನ್ನು ಬಳಸಬೇಕೇ ಬೇಡವೇ ಎಂಬ ತೀರ್ಮಾನ ಬಂಧಿತನದೇ ಆಗಿರಬೇಕು.

ಆರೋಗ್ಯದ ವಿಷಯದಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಬಯಸುತ್ತೇನೆ, ಏಕೆಂದರೆ ಹಾನಿ ಕಣ್ಣಿಗೆ ಕಾಣದಂತೆ ಬೆಳೆಯುವುದು ಇಲ್ಲಿಯೇ. ಕೈದಿಗಳ ಉಪಚಾರಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ ಕನಿಷ್ಠ ನಿಯಮಗಳು 1955ರಲ್ಲಿ ಮೊದಲು ರೂಪುಗೊಂಡು, 2015ರಲ್ಲಿ ಪರಿಷ್ಕೃತವಾಗಿ, ನೆಲ್ಸನ್ ಮಂಡೇಲಾ ನಿಯಮಗಳು ಎಂಬ ಹೆಸರು ಪಡೆದವು. ಹೊರಗಿನ ಸಮಾಜದಲ್ಲಿ ಸಿಗುವ ಮಟ್ಟದ ವೈದ್ಯಕೀಯ ಸೇವೆಯೇ ಒಳಗೂ ಉಚಿತವಾಗಿ ಸಿಗಬೇಕು, ಚಿಕಿತ್ಸೆಯ ನಿರ್ಧಾರವನ್ನು ವೈದ್ಯಕೀಯ ಸಿಬ್ಬಂದಿಯೇ ತೆಗೆದುಕೊಳ್ಳಬೇಕು, ಕಾವಲು ಅಧಿಕಾರಿಗಳು ಅದನ್ನು ತಳ್ಳಿಹಾಕುವಂತಿಲ್ಲ ಎಂದು ಆ 122 ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿದೆ. ಆಚರಣೆಯಲ್ಲಿ ಏನಾಗುತ್ತದೆ ನೋಡಿ. ಹೊಸದಾಗಿ ಬಂದವನ ತಪಾಸಣೆ ತಡರಾತ್ರಿ ನಡೆಯುತ್ತದೆ. ಬಾಗಿಲು ಅರ್ಧ ತೆರೆದಿರುತ್ತದೆ, ಹೊಸ್ತಿಲಲ್ಲಿ ಸಮವಸ್ತ್ರದವನೊಬ್ಬ ನಿಂತಿರುತ್ತಾನೆ. ಭಾಷಾಂತರಕಾರ ದೂರವಾಣಿಯ ಸ್ಪೀಕರಿನಲ್ಲಿರುತ್ತಾನೆ, ಅಥವಾ ಇರುವುದೇ ಇಲ್ಲ. ನಿಮಗೆ ಹಿಂಸೆಯಾಗಿದೆಯೇ, ಆತ್ಮಹತ್ಯೆಯ ಯೋಚನೆ ಬಂದಿದೆಯೇ ಎಂಬ ಪ್ರಶ್ನೆಗಳನ್ನು ಪಟ್ಟಿ ನೋಡಿ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಪೊಲೀಸ್ ಠಾಣೆಯಲ್ಲೋ ಸೇನೆಯ ಶಿಬಿರದಲ್ಲೋ ಪೆಟ್ಟು ತಿಂದು ಬಂದವನು ಸಮವಸ್ತ್ರದ ಎದುರು ಬಾಯಿ ಬಿಡುವುದಿಲ್ಲ. ಇಲ್ಲ ಎಂಬ ಉತ್ತರ ದಾಖಲಾಗುತ್ತದೆ. ಮುಂದೆ ಅವನು ನಿಜ ಹೇಳಿದಾಗ, ಮೊದಲೇ ಏಕೆ ಹೇಳಲಿಲ್ಲ ಎಂದು ಅದೇ ದಾಖಲೆಯನ್ನು ಅವನ ವಿರುದ್ಧ ಓದುತ್ತಾರೆ. ಒಂದು ಬಾಗಿಲು ಮುಚ್ಚಿದ್ದರೆ ತಪ್ಪಬಹುದಾಗಿದ್ದ ಅನ್ಯಾಯ ಇದು.

ಬ್ರಿಟನ್ನಿನ ಬಂಧನ ಕೇಂದ್ರಗಳ 2001ರ ನಿಯಮಾವಳಿಯ 35ನೇ ನಿಯಮ ಇದನ್ನು ತಡೆಯಲೆಂದೇ ಇದೆ. ಬಂಧನದಿಂದ ಯಾರ ಆರೋಗ್ಯ ಕೆಡಬಹುದು, ಯಾರಿಗೆ ಆತ್ಮಹತ್ಯೆಯ ಯೋಚನೆಯಿದೆ, ಯಾರು ಚಿತ್ರಹಿಂಸೆಗೆ ಒಳಗಾಗಿರಬಹುದು ಎಂಬುದನ್ನು ವೈದ್ಯರು ವರದಿ ಮಾಡಲೇಬೇಕು. ಗ್ಯಾಟ್ವಿಕ್ ವಿಮಾನ ನಿಲ್ದಾಣದ ಬಳಿಯ ಬ್ರೂಕ್ ಹೌಸ್ ಕೇಂದ್ರದಲ್ಲಿ ಸಿಬ್ಬಂದಿ ಬಂಧಿತರ ಮೇಲೆ ನಡೆಸಿದ ದೌರ್ಜನ್ಯವನ್ನು 2017ರಲ್ಲಿ ಬಿಬಿಸಿ ರಹಸ್ಯ ಕ್ಯಾಮೆರಾದಲ್ಲಿ ಸೆರೆಹಿಡಿದು ತೋರಿಸಿದ ಮೇಲೆ ಸಾರ್ವಜನಿಕ ವಿಚಾರಣೆ ನಡೆಯಿತು. 2023ರ ಸೆಪ್ಟೆಂಬರ್‌ನಲ್ಲಿ ವರದಿ ಬಂದಿತು. ಐದು ತಿಂಗಳ ಅವಧಿಯಲ್ಲಿ ಅಮಾನವೀಯ ವರ್ತನೆಯನ್ನು ನಿಷೇಧಿಸುವ ಯುರೋಪಿನ ಮಾನವ ಹಕ್ಕುಗಳ ಒಪ್ಪಂದದ 3ನೇ ವಿಧಿಗೆ ವಿರುದ್ಧವೆನ್ನಬಹುದಾದ 19 ಘಟನೆಗಳಿಗೆ ನಂಬಲರ್ಹ ಸಾಕ್ಷ್ಯವಿದೆ ಎಂದು ಅದು ಕಂಡುಕೊಂಡಿತು. ವೈದ್ಯರ ವರದಿಯ ಆ ರಕ್ಷಣಾ ವ್ಯವಸ್ಥೆಯೇ ಸರಿಯಾಗಿ ನಡೆಯುತ್ತಿರಲಿಲ್ಲ ಎಂದೂ ಹೇಳಿತು. ವರದಿಯ ಶಿಫಾರಸುಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ವಲಸೆ ಬಂಧನಕ್ಕೆ 28 ದಿನಗಳ ಗರಿಷ್ಠ ಮಿತಿ ಹಾಕಬೇಕೆಂಬುದು. ಸಿಬ್ಬಂದಿಯ ಕ್ರೌರ್ಯವನ್ನು ವಿಚಾರಿಸಲು ಹೊರಟ ಸಮಿತಿಯೊಂದು ಕೊನೆಗೆ ಕಾಲಮಿತಿಯ ಬಳಿಗೇ ಬಂದು ನಿಂತದ್ದು ಆಕಸ್ಮಿಕವಲ್ಲ. ಕೊನೆ ಕಾಣದ ದಿನಗಳು ಬಂಧಿತರ ಮನಸ್ಸನ್ನು ಕುಗ್ಗಿಸುತ್ತವೆ. ಹತಾಶೆಯಿಂದ ಕೆಲವರು ತಮ್ಮನ್ನೇ ಗಾಯಗೊಳಿಸಿಕೊಳ್ಳುತ್ತಾರೆ. ತರಬೇತಿ ಸಾಲದ, ಸಂಖ್ಯೆಯೂ ಸಾಲದ ಸಿಬ್ಬಂದಿ ಅದನ್ನು ಶಿಸ್ತಿನ ಉಲ್ಲಂಘನೆಯೆಂದು ನೋಡಿ ಬಲಪ್ರಯೋಗಕ್ಕೆ ಇಳಿಯುತ್ತಾರೆ.

ಹಾಗೆ ಗಾಯಗೊಳಿಸಿಕೊಂಡವರನ್ನು ಒಂಟಿ ಕೋಣೆಗೆ ಹಾಕುವುದು ಹಲವು ಕಡೆ ಕಾಣುವ ರೂಢಿ. ಅರ್ಥಪೂರ್ಣ ಮಾನವ ಸಂಪರ್ಕವಿಲ್ಲದೆ ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಕಾಲ ಕೂಡಿಹಾಕುವುದನ್ನು ಮಂಡೇಲಾ ನಿಯಮಗಳು ಏಕಾಂತ ಸೆರೆ ಎನ್ನುತ್ತವೆ, ಅದು ಸತತ 15 ದಿನಗಳನ್ನು ಮೀರುವುದನ್ನು ನಿಷೇಧಿಸುತ್ತವೆ, ಮಾನಸಿಕ ಅಸ್ವಸ್ಥತೆ ಹೆಚ್ಚಾಗುವಂತಿದ್ದರೆ ಒಂದು ದಿನವೂ ಹಾಕುವಂತಿಲ್ಲ ಎನ್ನುತ್ತವೆ. ಶಿಕ್ಷೆಗೊಳಗಾದ ಅಪರಾಧಿಗೇ ಇರುವ ಈ ರಕ್ಷಣೆ ಅಪರಾಧವನ್ನೇ ಮಾಡದವನಿಗೆ ಸಿಗದಿರುವುದು ನನಗೆ ಸಹಿಸಲಾಗದ ವಿಷಯ.

ಮಕ್ಕಳ ಬಗ್ಗೆ ದೀರ್ಘವಾಗಿ ವಾದಿಸಬೇಕಿಲ್ಲ. ವಲಸೆಯ ಕಾರಣಕ್ಕೆ ಜಗತ್ತಿನಲ್ಲಿ ವರ್ಷಕ್ಕೆ ಕನಿಷ್ಠ 3,30,000 ಮಕ್ಕಳು ಬಂಧನಕ್ಕೆ ಒಳಗಾಗುತ್ತಾರೆ ಎಂದು 2019ರಲ್ಲಿ ವಿಶ್ವಸಂಸ್ಥೆಯ ಮುಂದಿಟ್ಟ ಜಾಗತಿಕ ಅಧ್ಯಯನ ಅಂದಾಜಿಸಿತು. ತಂದೆತಾಯಿಯ ವೀಸಾ ಸ್ಥಿತಿಗಾಗಿ ಮಗುವನ್ನು ಬಂಧಿಸುವುದು ಯಾವ ಕಾರಣಕ್ಕೂ ಆ ಮಗುವಿನ ಹಿತವಾಗಲಾರದು ಎಂಬುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯ ನಿಲುವು. ಕುಟುಂಬವನ್ನು ಒಡೆಯದಿರುವ ನೆಪದಲ್ಲಿ ಮಗುವನ್ನೂ ಒಳಗೆ ಹಾಕುವುದಲ್ಲ, ತಾಯಿತಂದೆಯನ್ನೂ ಹೊರಗಿಡುವುದು ಅದಕ್ಕಿರುವ ದಾರಿ.

ಬೀಗದ ಕೈಯ ಮಾತನ್ನು ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಮೆಕ್ಸಿಕೋದ ಸಿಯುದಾದ್ ಹ್ವಾರೆಸ್ ನಗರದ ವಲಸೆ ಕೇಂದ್ರದಲ್ಲಿ 2023ರ ಮಾರ್ಚ್ 27ರ ರಾತ್ರಿ ಬೆಂಕಿ ಹೊತ್ತಿಕೊಂಡು 40 ಗಂಡಸರು ಸತ್ತರು. ಗಡೀಪಾರಿನ ಭಯದಲ್ಲಿ ಪ್ರತಿಭಟಿಸುತ್ತಿದ್ದವರು ಹಾಸಿಗೆಗಳಿಗೆ ಬೆಂಕಿ ಹಚ್ಚಿದ್ದರು. ಆಮೇಲೆ ಹೊರಬಂದ ಕಣ್ಗಾವಲು ಕ್ಯಾಮೆರಾದ ದೃಶ್ಯದಲ್ಲಿ ಹೊಗೆ ತುಂಬುತ್ತಿರುವಾಗ ಸಮವಸ್ತ್ರದಲ್ಲಿದ್ದವರು ಸರಳಿನ ಬಾಗಿಲನ್ನು ತೆರೆಯದೆ ಅಲ್ಲಿಂದ ಹೊರಟುಹೋಗುವುದು ಕಾಣುತ್ತದೆ. ಒಬ್ಬ ಮನುಷ್ಯನನ್ನು ಬೀಗದೊಳಗೆ ಇಟ್ಟ ಕ್ಷಣದಿಂದ ಅವನ ಉಸಿರಿನ ಹೊಣೆ ಬೀಗ ಹಾಕಿದವರದು. ಅವನು ಏನು ಮಾಡಿದ ಎಂಬುದು ಆ ಹೊಣೆಯನ್ನು ತೆಗೆದುಹಾಕುವುದಿಲ್ಲ. ಬೀಗದ ಕೈ ಯಾರ ಬಳಿ ಇದೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ, ಹಾಸಿಗೆ ಬೇಗ ಉರಿಯುವ ವಸ್ತುವಿನದೇ, ತುರ್ತು ತೆರವಿನ ಅಭ್ಯಾಸ ಕೊನೆಯ ಬಾರಿ ಯಾವಾಗ ನಡೆಯಿತು ಎಂದು ತಪಾಸಣೆಗೆ ಹೋದವರು ಮೊದಲು ಕೇಳಬೇಕು.

ತಪಾಸಣೆಗೆ ಹೋಗುವವರು ಯಾರು? ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಮೊದಲ ಮಹಾಯುದ್ಧದ ಕಾಲದಿಂದ ಸೆರೆಯಲ್ಲಿರುವವರನ್ನು ಭೇಟಿ ಮಾಡುತ್ತ ಬಂದಿದೆ. ಅದರ ಷರತ್ತುಗಳು ಸರಳವಾಗಿವೆ: ಎಲ್ಲ ಬಂಧಿತರನ್ನೂ ಎಲ್ಲ ಜಾಗಗಳನ್ನೂ ನೋಡಲು ಬಿಡಬೇಕು, ಕಾವಲಿನವರಿಲ್ಲದೆ ಖಾಸಗಿಯಾಗಿ ಮಾತನಾಡಲು ಬಿಡಬೇಕು, ಮತ್ತೆ ಬರಲು ಬಿಡಬೇಕು. ಈ ಮೂರನೆಯ ಷರತ್ತೇ ಅತಿ ಬೆಲೆಯುಳ್ಳದ್ದು ಎಂದು ನನ್ನ ಎಣಿಕೆ. ಒಮ್ಮೆ ಮಾತ್ರ ಬಂದುಹೋಗುವವರ ಮುಂದೆ ದೂರು ಹೇಳಿದವನಿಗೆ ಆಮೇಲೆ ಏನಾಯಿತು ಎಂದು ನೋಡುವವರು ಯಾರೂ ಇರುವುದಿಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ 2002ರಲ್ಲಿ ಸೇರಿಸಿದ ಐಚ್ಛಿಕ ಶಿಷ್ಟಾಚಾರ ಎಂಬ ಪೂರಕ ಒಪ್ಪಂದ ಇದೇ ತತ್ವವನ್ನು ಕಾನೂನಾಗಿಸಿತು. ಅದನ್ನು ಒಪ್ಪಿಕೊಂಡ 90ಕ್ಕೂ ಹೆಚ್ಚು ದೇಶಗಳು ವಿಶ್ವಸಂಸ್ಥೆಯ ಉಪಸಮಿತಿಗೆ ಬಾಗಿಲು ತೆರೆಯಬೇಕು, ತಮ್ಮಲ್ಲೂ ಸ್ವತಂತ್ರ ತಪಾಸಣಾ ಸಂಸ್ಥೆ ಇಟ್ಟುಕೊಳ್ಳಬೇಕು. ಒಪ್ಪಿಕೊಂಡ ಮಾತ್ರಕ್ಕೆ ಬಾಗಿಲು ತೆರೆಯುತ್ತದೆಂದೇನೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ನ್ಯೂ ಸೌತ್ ವೇಲ್ಸ್ ಪ್ರವೇಶ ನಿರಾಕರಿಸಿದ್ದರಿಂದ ಆ ಉಪಸಮಿತಿ ಆಸ್ಟ್ರೇಲಿಯಾ ಭೇಟಿಯನ್ನು ಅರ್ಧಕ್ಕೆ ನಿಲ್ಲಿಸಿ, ಮುಂದೆ ರದ್ದುಮಾಡಿತು. ಭಾರತ ಮೂಲ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದೆ, ಇನ್ನೂ ಅನುಮೋದಿಸಿಲ್ಲ. ಆದರೆ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಸಹಕೈದಿಯ ಮೇಲೆ ನಡೆದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು, ಅಂದರೆ ಬಂಧನವನ್ನು ಪ್ರಶ್ನಿಸುವ ಅರ್ಜಿಯೆಂದು ಸ್ವೀಕರಿಸಿ ವಿಚಾರಿಸಿದ ನ್ಯಾಯಾಲಯ ಇದೇ ದೇಶದ್ದು. ಒಳಗಿನಿಂದ ಹೊರಟ ಒಂದು ಕಾಗದ ತಡೆಯಿಲ್ಲದೆ ಹೊರಗೆ ತಲುಪುವ ದಾರಿ ಇದ್ದಲ್ಲಿ ಉಳಿದದ್ದು ಸಾಧ್ಯವಾಗುತ್ತದೆ.

ಬಿಟ್ಟರೆ ಇವರು ತಪ್ಪಿಸಿಕೊಳ್ಳುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೆಲವರು ತಪ್ಪಿಸಿಕೊಂಡಾರು. ಅದಕ್ಕಾಗಿಯೇ ವಾರಕ್ಕೊಮ್ಮೆ ಠಾಣೆಯಲ್ಲಿ ಹಾಜರಿ, ಮುಚ್ಚಳಿಕೆ, ಗೊತ್ತಾದ ವಿಳಾಸದಲ್ಲಿ ವಾಸ, ಪ್ರಕರಣದ ಪ್ರತಿ ಹಂತವನ್ನೂ ತಿಳಿಸಿ ಹೇಳುವ ಒಬ್ಬ ಅಧಿಕಾರಿ, ಇಂಥ ವ್ಯವಸ್ಥೆಗಳಿವೆ. ತನ್ನ ಅರ್ಜಿ ಎಲ್ಲಿದೆ ಎಂದು ತಿಳಿದವನು, ಅದನ್ನು ನ್ಯಾಯವಾಗಿ ನೋಡುತ್ತಾರೆಂದು ನಂಬಿದವನು ಓಡಿಹೋಗುವ ಸಂಭವ ಕಡಿಮೆ. ಬಂಧನ ಕೊನೆಯ ಉಪಾಯವಾಗಿರಬೇಕು ಎಂದು 2018ರ ಜಾಗತಿಕ ವಲಸೆ ಒಡಂಬಡಿಕೆಯೂ ಹೇಳಿದೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ವಿಷಯದಲ್ಲಿ ಈ ಉಪಾಯಗಳು ಏಕೆ ಸಾಲವು ಎಂದು ಅಧಿಕಾರಿ ಲಿಖಿತ ಕಾರಣ ಕೊಡಲಿ, ಅದನ್ನು ನ್ಯಾಯಾಧೀಶರು ಬಂಧಿತ ಕೇಳದಿದ್ದರೂ ತಿಂಗಳಿಗೊಮ್ಮೆ ಪರಿಶೀಲಿಸಲಿ. ಕೇಳಿದವರಿಗೆ ಮಾತ್ರ ಪರಿಶೀಲನೆ ಎಂದರೆ ಭಾಷೆ ಬಾರದವರು, ವಕೀಲರಿಲ್ಲದವರು, ಮನಸ್ಸು ಕುಸಿದವರು ಹೊರಗುಳಿಯುತ್ತಾರೆ.

ಕೊನೆಯದಾಗಿ ಬಿಡುಗಡೆಯ ದಿನ. ಆಸ್ಟ್ರೇಲಿಯಾದಲ್ಲಿ 2023ರ ತೀರ್ಪಿನ ನಂತರ ಹೊರಬಂದವರ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿ, ರಾತ್ರಿ ಮನೆಬಿಟ್ಟು ಹೋಗದಂತೆ ನಿರ್ಬಂಧಿಸಲು ಸರ್ಕಾರ ಅವಸರದಲ್ಲಿ ಕಾನೂನು ತಂದಿತು; ಅದೂ ಶಿಕ್ಷೆಯೇ ಎಂದು 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು. ನ್ಯಾಯಾಲಯದವರೆಗೆ ಹೋಗದ ಸಣ್ಣ ಸಂಗತಿಗಳೂ ಇವೆ. ಹಲವು ತಿಂಗಳಿಂದ ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದವನನ್ನು ಸಂಜೆ ಗೇಟಿನ ಹೊರಗೆ ಬಿಟ್ಟಾಗ ಅವನ ಕೈಯಲ್ಲಿ ಕೆಲವು ವಾರಗಳ ಮಾತ್ರೆ, ಚಿಕಿತ್ಸೆಯ ದಾಖಲೆಯ ಪ್ರತಿ, ಗುರುತಿನ ಕಾಗದ, ಮೊಹರು ಒಡೆಯದ ಅವನ ಚೀಲ, ಆ ರಾತ್ರಿ ತಂಗಲು ಒಂದು ವಿಳಾಸ ಇರಬೇಕು. ಇವನ್ನು ಕೊಟ್ಟಿದ್ದೇವೆ ಎಂದು ಅವನ ಸಹಿಯೊಂದಿಗೆ ದಾಖಲಿಸುವ ಹೊಣೆಯನ್ನು ಕೇಂದ್ರದ ಒಬ್ಬ ಅಧಿಕಾರಿಗೆ ನಿಯಮದಲ್ಲೇ ವಹಿಸಬೇಕು, ಆ ದಾಖಲೆ ತಪಾಸಣೆಗೆ ಬರುವವರಿಗೆ ಕೇಳಿದ ಕೂಡಲೇ ಸಿಗಬೇಕು.